ಗೋಡೆಯೊಳಗಿಂದ ರೈಲು ಬಂದರೆ ಕಣ್ಣು ಏನು ಮಾಡಬೇಕು? ಸರ್ರಿಯಲಿಸ್ಟ್ ಚಿತ್ರವನ್ನು ನೋಡುವ, ಮಾಡುವ ದಾರಿ

ಸರ್ರಿಯಲಿಸ್ಟ್ ಚಿತ್ರದ, ಅಂದರೆ ಲೋಕದ ನಿಯಮವನ್ನು ಬೇಕೆಂದೇ ಮುರಿದು ತೋರಿಸುವ ಚಿತ್ರದ, ಮುಂದೆ ನಿಂತವರು ಮೊದಲು ಕೇಳುವ ಪ್ರಶ್ನೆ, "ಇದರ ಅರ್ಥ ಏನು?" ಅಂತ. ಆ ಪ್ರಶ್ನೆ ಬಂದ ಕೂಡಲೇ ನೋಡುವುದು ನಿಂತುಹೋಗುತ್ತದೆ, ಒಗಟು ಬಿಡಿಸುವ ಕೆಲಸ ಶುರುವಾಗುತ್ತದೆ. ಉತ್ತರ ಸಿಗದಿದ್ದರೆ "ಇದೆಲ್ಲ ನಮಗೆ ಅರ್ಥ ಆಗಲ್ಲ ಬಿಡಿ" ಎಂದು ಮುಂದಿನ ಚಿತ್ರಕ್ಕೆ ಹೋಗುತ್ತೇವೆ.

ಇಲ್ಲಿ ಬೇರೆ ದಾರಿ ಹಿಡಿಯೋಣ. ಚಿತ್ರದಲ್ಲಿ ಏನು ವಿಚಿತ್ರವಾಗಿದೆ ಎಂದು ಹುಡುಕುವ ಮೊದಲು, ಏನೆಲ್ಲ ಸರಿಯಾಗಿದೆ ಎಂದು ನೋಡಬೇಕು. ವಿಚಿತ್ರಕ್ಕೆ ಬಲ ಬರುವುದೇ ಅಲ್ಲಿಂದ. ಕೋಣೆ ಕೋಣೆಯಂತೆಯೇ ಇದ್ದಾಗ ಮಾತ್ರ ಅದರೊಳಗೆ ನುಗ್ಗಿದ ರೈಲು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಕೋಣೆಯೂ ಕರಗಿ, ನೆಲವೂ ತೇಲಿ, ಆಕಾಶವೂ ಹಸಿರಾಗಿಬಿಟ್ಟರೆ ರೈಲು ಬಂದರೂ ಒಂದೇ, ಬರದಿದ್ದರೂ ಒಂದೇ.

ಯಾರಿಂದ ಶುರು ಮಾಡಬೇಕು

ಹೆಚ್ಚಿನವರಿಗೆ ಮೊದಲು ನೆನಪಾಗುವ ಹೆಸರು ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ. ನನ್ನ ಸಲಹೆ ಕೇಳಿದರೆ ಬೆಲ್ಜಿಯಂನ ರೆನೆ ಮಾಗ್ರಿಟ್‌ನಿಂದ ಶುರು ಮಾಡಿ. ಡಾಲಿಯ ಚಿತ್ರಗಳಲ್ಲಿ ಒಟ್ಟೊಟ್ಟಿಗೆ ಹತ್ತಾರು ಸಂಗತಿ ನಡೆಯುತ್ತಿರುತ್ತವೆ. ಮಾಗ್ರಿಟ್ ಸಾಮಾನ್ಯವಾಗಿ ಒಂದೇ ಒಂದನ್ನು ಬದಲಿಸುತ್ತಾನೆ. ಕಲಿಯುವವರಿಗೆ ಅದು ದೊಡ್ಡ ಅನುಕೂಲ.

ಮಾಗ್ರಿಟ್ ಹುಟ್ಟಿದ್ದು 1898ರಲ್ಲಿ, ತೀರಿಕೊಂಡಿದ್ದು 1967ರಲ್ಲಿ. ಹೊಟ್ಟೆಪಾಡಿಗೆ ಗೋಡೆಗೆ ಅಂಟಿಸುವ ಕಾಗದದ ಕಾರ್ಖಾನೆಯಲ್ಲಿ ವಿನ್ಯಾಸ ಬರೆದ. ಜಾಹೀರಾತುಗಳನ್ನೂ ಬರೆದ. ಇದನ್ನು ನೆನಪಿಟ್ಟುಕೊಳ್ಳಿ. ಜಾಹೀರಾತಿನಲ್ಲಿ ವಸ್ತು ಸ್ಪಷ್ಟವಾಗಿ ಕಾಣಬೇಕು, ನೋಡಿದ ತಕ್ಷಣ ಗುರುತು ಸಿಗಬೇಕು. ಆ ಸ್ಪಷ್ಟತೆ ಅವನ ಕೈಬಿಡಲೇ ಇಲ್ಲ. ಅವನ ಸೇಬು ಸೇಬಿನಂತೆಯೇ ಇರುತ್ತದೆ, ಕೊಡೆ ಕೊಡೆಯಂತೆಯೇ ಇರುತ್ತದೆ. ಕುಂಚದ ಆರ್ಭಟ ಎಲ್ಲೂ ಕಾಣುವುದಿಲ್ಲ.

1920ರ ದಶಕದ ಆರಂಭದಲ್ಲಿ ಇಟಲಿಯ ಜಾರ್ಜೊ ಡಿ ಕಿರಿಕೊ ಬರೆದ 'ಪ್ರೇಮಗೀತೆ' ಎಂಬ ಚಿತ್ರದ ಮುದ್ರಿತ ಪ್ರತಿ ಅವನ ಕಣ್ಣಿಗೆ ಬಿತ್ತು. 1914ರ ಚಿತ್ರ ಅದು. ಗೋಡೆಯ ಮೇಲೆ ಗ್ರೀಕ್ ದೇವರ ಪ್ಲಾಸ್ಟರ್ ತಲೆ, ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದ ರಬ್ಬರ್ ಕೈಗವಸು, ಕೆಳಗೆ ಒಂದು ಹಸಿರು ಚೆಂಡು. ಮೂರೂ ಮಾಮೂಲಿ ವಸ್ತುಗಳು. ಒಂದರ ಪಕ್ಕ ಒಂದು ಇಟ್ಟಿದ್ದೇ ವಿಶೇಷ. ಏನನ್ನು ಬರೆಯಬೇಕು ಎಂಬುದು ಹೇಗೆ ಬರೆಯಬೇಕು ಎಂಬುದಕ್ಕಿಂತ ಮುಖ್ಯ ಎಂದು ಮಾಗ್ರಿಟ್‌ಗೆ ಅನಿಸಿದ್ದು ಆಗ.

ಅತ್ತ ಪ್ಯಾರಿಸ್ಸಿನಲ್ಲಿ ಕವಿ ಆಂದ್ರೆ ಬ್ರೆತೋನ್ 1924ರಲ್ಲಿ ಸರ್ರಿಯಲಿಸಂನ ಪ್ರಣಾಳಿಕೆ ಹೊರತಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಆತ ಮನೋರೋಗಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದವನು. ತರ್ಕ, ಶಿಸ್ತು, ಪ್ರಗತಿ ಎಂದು ಹೇಳುತ್ತಿದ್ದ ಯುರೋಪ್ ಲಕ್ಷಗಟ್ಟಲೆ ಹುಡುಗರನ್ನು ಕಂದಕಗಳಲ್ಲಿ ಸಾಯಿಸಿತ್ತು. ಹಾಗಾಗಿ ತರ್ಕದ ಮೇಲೆ ಆ ಪೀಳಿಗೆಗೆ ಇದ್ದ ಸಿಟ್ಟು ಬರೀ ಫ್ಯಾಷನ್ ಆಗಿರಲಿಲ್ಲ. ಚಿತ್ರದಲ್ಲಿ ಲೋಕದ ನಿಯಮವನ್ನು ಮುರಿಯುವುದು ಅವರಿಗೆ ಗಂಭೀರ ಕೆಲಸವಾಗಿತ್ತು.

ಮೊದಲ ಹೆಜ್ಜೆ: ಕಂಡದ್ದನ್ನು ಸುಮ್ನೆ ಬರೆದುಕೊಳ್ಳಿ

ಮಾಗ್ರಿಟ್ 1938ರಲ್ಲಿ ಬರೆದ ಅಗ್ಗಿಷ್ಟಿಕೆ ಮತ್ತು ರೈಲಿನ ಚಿತ್ರವನ್ನು ತೆಗೆದುಕೊಳ್ಳಿ. ಅದು ಈಗ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಮ್ಯೂಸಿಯಂನ ಜಾಲತಾಣದಲ್ಲೇ ಸಿಗುತ್ತದೆ. ಮೊಬೈಲಿಗಿಂತ ದೊಡ್ಡ ಪರದೆಯಲ್ಲಿ ನೋಡಿದರೆ ಒಳ್ಳೆಯದು. ಮೂಲ ಚಿತ್ರ ಸುಮಾರು 147 ಸೆಂಟಿಮೀಟರ್ ಎತ್ತರ, 99 ಸೆಂಟಿಮೀಟರ್ ಅಗಲ. ಹತ್ತು ಹನ್ನೊಂದು ವರ್ಷದ ಮಗುವಿನಷ್ಟು ಎತ್ತರ.

ಈಗ ಒಂದು ಹಾಳೆಯಲ್ಲಿ ಬರೆಯಿರಿ. ಹಲಗೆ ಹಾಸಿದ ನೆಲ. ತಿಳಿ ಬಣ್ಣದ ಗೋಡೆ. ಕಲ್ಲಿನ ಅಗ್ಗಿಷ್ಟಿಕೆ. ಅದರ ಮೇಲೆ ಒಂದು ಕಪ್ಪು ಗಡಿಯಾರ, ಆಚೆ ಈಚೆ ಎರಡು ಮೇಣದ ಬತ್ತಿಯ ಕಂಬ. ಕಂಬಗಳಲ್ಲಿ ಬತ್ತಿ ಇಲ್ಲ. ಹಿಂದೆ ದೊಡ್ಡ ಕನ್ನಡಿ. ಬೆಂಕಿ ಇರಬೇಕಾದ ಜಾಗ ಮುಚ್ಚಿದೆ, ಅಲ್ಲಿಂದ ಒಂದು ಉಗಿಬಂಡಿಯ ಎಂಜಿನ್ ಹೊರಗೆ ಬರುತ್ತಿದೆ. ಹಳಿ ಇಲ್ಲ. ಗಾಳಿಯಲ್ಲೇ ನಿಂತಿದೆ. ಅದರ ಹೊಗೆ ಮೇಲಕ್ಕೆ, ಚಿಮಣಿಯ ಕಡೆಗೆ ಹೋಗುತ್ತಿದೆ.

ಆ ಹೊಗೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಅಗ್ಗಿಷ್ಟಿಕೆಯ ಹೊಗೆ ಹೋಗಬೇಕಾದದ್ದು ಚಿಮಣಿಗೇ ಅಲ್ವಾ? ಎಂಜಿನ್ ಇಲ್ಲಿಗೆ ಸೇರಿದ್ದಲ್ಲ, ಆದರೆ ಅದರ ಹೊಗೆ ಮಾತ್ರ ಮನೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಇನ್ನೂ ಹತ್ತಿರ ಹೋದರೆ ಮತ್ತೊಂದು ಗೊತ್ತಾಗುತ್ತದೆ. ಒಲೆಯ ಕೊಳವೆ ಬಂದು ಸೇರುವಂಥ ಜಾಗದಲ್ಲೇ ಎಂಜಿನ್ ಇದೆ. ಕೊಳವೆಯೂ ಕಪ್ಪು, ದುಂಡು, ಲೋಹದ್ದು. ಎಂಜಿನ್ನೂ ಅಷ್ಟೇ. ಬೆಂಕಿ, ಹೊಗೆ, ಕಬ್ಬಿಣ ಎರಡಕ್ಕೂ ಸಾಮಾನ್ಯ. ಹಾಗಾದರೆ ರೈಲು ಇಲ್ಲಿಗೆ ಎಲ್ಲಿಂದಲೋ ಬಂದು ಬಿದ್ದದ್ದಲ್ಲ. ಒಳಗೊಳಗೇ ನೆಂಟಸ್ತನ ಇದೆ. ಈ ನೆಂಟಸ್ತನದ ವಿಷಯಕ್ಕೆ ಮತ್ತೆ ಬರುತ್ತೇನೆ.

ಕನ್ನಡಿಯನ್ನೂ ನೋಡಿ. ಗಡಿಯಾರದ ಪ್ರತಿಬಿಂಬ ಇದೆ. ಒಂದು ಕಂಬದ್ದೂ ಇದೆ. ಇನ್ನೊಂದರದ್ದು ಕಾಣುವುದಿಲ್ಲ. ಇದು ನಾವು ನಿಂತ ಕೋನದಿಂದ ಆಗಿದ್ದಾ, ಚಿತ್ರಕಾರ ಬೇಕೆಂದೇ ಬಿಟ್ಟದ್ದಾ? ನಿಮ್ಮ ಮನೆಯ ಕನ್ನಡಿ ಮುಂದೆ ಎರಡು ಲೋಟ ಇಟ್ಟು, ಅಕ್ಕಪಕ್ಕ ಸರಿದು ಪರೀಕ್ಷಿಸಿ. ಎರಡು ನಿಮಿಷದ ಕೆಲಸ. ಆಮೇಲೆ ಈ ಚಿತ್ರವನ್ನು ನೋಡುವ ಕಣ್ಣೇ ಬದಲಾಗುತ್ತದೆ, ಯಾಕೆಂದರೆ ಎಂಜಿನ್ ಒಂದನ್ನೇ ಅನುಮಾನದಿಂದ ನೋಡುತ್ತಿದ್ದವರು ಈಗ ಇಡೀ ಕೋಣೆಯನ್ನು ಹಾಗೆ ನೋಡಲು ಶುರು ಮಾಡುತ್ತೀರಿ.

ಬರೆಯುವುದು ಯಾಕೆ ಬೇಕು? ದಿನನಿತ್ಯ ನಾವು ವಸ್ತುಗಳನ್ನು ನೋಡುವುದಕ್ಕಿಂತ ಜಾಸ್ತಿ ಗುರುತಿಸುತ್ತೇವೆ. "ಕುರ್ಚಿ" ಎಂದು ಗೊತ್ತಾದ ಮೇಲೆ ಕಣ್ಣು ಮುಂದೆ ಹೋಗುತ್ತದೆ. ಅದರ ಕಾಲು ನಾಲ್ಕಿದೆಯಾ, ನೆರಳು ಯಾವ ಕಡೆ ಬಿದ್ದಿದೆ ಎಂದು ಯಾರೂ ನೋಡುವುದಿಲ್ಲ. ಬದುಕಿಗೆ ಈ ಅವಸರ ಬೇಕು, ಇಲ್ಲದಿದ್ದರೆ ರಸ್ತೆ ದಾಟುವುದೂ ಕಷ್ಟ. ಆದರೆ ಸರ್ರಿಯಲಿಸ್ಟ್ ಚಿತ್ರ ಕೆಣಕುವುದು ಈ ಅಭ್ಯಾಸವನ್ನೇ. ಹೆಸರು ಗೊತ್ತಾದರೂ ಅಲ್ಲಿ ಕೆಲಸ ಮುಗಿಯುವುದಿಲ್ಲ.

ಎರಡನೇ ಹೆಜ್ಜೆ: ಅಂಗೈ ಅಡ್ಡ ಹಿಡಿಯಿರಿ

ಇದು ನನಗೆ ತುಂಬಾ ಇಷ್ಟವಾದ ಹೆಜ್ಜೆ. ಮಾಗ್ರಿಟ್‌ನ 'ಬೆಳಕಿನ ಸಾಮ್ರಾಜ್ಯ' ಸರಣಿಯ ಯಾವುದಾದರೂ ಒಂದು ಚಿತ್ರ ತೆರೆಯಿರಿ. 1940ರ ದಶಕದ ಕೊನೆಯಲ್ಲಿ ಶುರು ಮಾಡಿ ಇದೇ ವಿಷಯವನ್ನು ಎಣ್ಣೆಬಣ್ಣದಲ್ಲೇ 17 ಸಲ ಬರೆದ. ಒಂದು ವೆನಿಸ್ಸಿನ ಪೆಗ್ಗಿ ಗುಗೆನ್‌ಹೈಮ್ ಸಂಗ್ರಹದಲ್ಲಿದೆ, ಇನ್ನೊಂದು ಬ್ರಸೆಲ್ಸ್‌ನಲ್ಲಿದೆ. 1954ರ ಒಂದು ಪ್ರತಿ 2024ರ ನವೆಂಬರಿನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 12 ಕೋಟಿ ಡಾಲರಿಗಿಂತ ಹೆಚ್ಚಿಗೆ ಹೋಯಿತು.

ಚಿತ್ರದ ಮೇಲಿನ ಅರ್ಧವನ್ನು ಕೈಯಿಂದ ಮುಚ್ಚಿ. ಕೆಳಗೆ ಕಾಣುವುದು ರಾತ್ರಿಯ ಬೀದಿ. ಒಂದು ಮನೆ, ಕತ್ತಲಲ್ಲಿ ನಿಂತ ಮರಗಳು, ಉರಿಯುವ ಬೀದಿದೀಪ, ಕಿಟಕಿಯಲ್ಲಿ ಹಳದಿ ಬೆಳಕು. ಇದರಲ್ಲಿ ತಪ್ಪೇನೂ ಇಲ್ಲ. ಈಗ ಕೆಳಗಿನ ಅರ್ಧ ಮುಚ್ಚಿ. ನೀಲಿ ಆಕಾಶ, ಬಿಳಿ ಮೋಡ, ಹಗಲು. ಇದರಲ್ಲೂ ತಪ್ಪೇನಿಲ್ಲ. ಕೈ ತೆಗೆಯಿರಿ.

ಎರಡೂ ಅರ್ಧಗಳು ನಿಜ, ಸೇರಿಸಿದರೆ ಸುಳ್ಳು. ಯಾವ ಗೆರೆಯೂ ಸೊಟ್ಟಗಿಲ್ಲ, ಯಾವ ವಸ್ತುವೂ ವಿಕಾರವಾಗಿಲ್ಲ. ಹಗಲು ರಾತ್ರಿ ಒಟ್ಟಿಗೆ ಇರಲಾರವು ಎಂದು ನಮ್ಮ ತಲೆ ಹೇಳುತ್ತದೆ, ಕಣ್ಣು ಮಾತ್ರ ಎರಡನ್ನೂ ನೆಮ್ಮದಿಯಾಗಿ ಒಪ್ಪಿಕೊಳ್ಳುತ್ತದೆ. ಮೊದಲ ನೋಟಕ್ಕೆ ಇದನ್ನು ಗಮನಿಸದೆ "ಚೆಂದದ ಸಂಜೆ" ಎಂದು ದಾಟಿ ಹೋಗುವುದೂ ಸುಲಭ. ತರ್ಕಕ್ಕೆ ಸವಾಲು ಎಂದರೆ ಕಿರುಚಾಟ ಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈ ಕೈ ಅಡ್ಡ ಹಿಡಿಯುವ ಉಪಾಯವನ್ನು ಬೇರೆ ಚಿತ್ರಗಳಿಗೂ ಬಳಸಿ. ರೈಲಿನ ಚಿತ್ರದಲ್ಲಿ ಎಂಜಿನ್ ಮುಚ್ಚಿ. ಉಳಿಯುವುದು ಬೇಸರ ಹುಟ್ಟಿಸುವಷ್ಟು ಮಾಮೂಲಿಯಾದ ಕೋಣೆ. ಬೇಸರ ಇರಲೇಬೇಕು. ಮುಚ್ಚಿದ ಮೇಲೂ ಚಿತ್ರ ವಿಚಿತ್ರವಾಗಿಯೇ ಉಳಿದರೆ, ಅಲ್ಲಿ ಎರಡನೇ ಬದಲಾವಣೆ ಇದೆ ಎಂದರ್ಥ. ಹುಡುಕಿ.

ಮೂರನೇ ಹೆಜ್ಜೆ: ಮುರಿದ ನಿಯಮ ಯಾವುದು?

ಈಗ ಪ್ರಶ್ನೆ ಹಾಕಿಕೊಳ್ಳಿ. ಲೋಕದ ಯಾವ ನಿಯಮ ಇಲ್ಲಿ ಮುರಿದಿದೆ? ಉತ್ತರ ಒಂದೇ ವಾಕ್ಯದಲ್ಲಿ ಬರಬೇಕು.

ಅಳತೆ ಇರಬಹುದು. ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಂನಲ್ಲಿರುವ 1952ರ ಮಾಗ್ರಿಟ್ ಚಿತ್ರದಲ್ಲಿ ಮಲಗುವ ಕೋಣೆಯೊಂದಿದೆ. ಹಾಸಿಗೆಯ ಮೇಲೆ ಆಳೆತ್ತರದ ಬಾಚಣಿಗೆ ನಿಂತಿದೆ. ಕಪಾಟಿನ ಮೇಲೆ ಭಾರೀ ಗಾತ್ರದ ಶೇವಿಂಗ್ ಬ್ರಷ್. ನೆಲದ ಮೇಲೆ ಗಾಜಿನ ಲೋಟ, ಬೆಂಕಿಕಡ್ಡಿ, ಎಲ್ಲವೂ ಪೀಠೋಪಕರಣದಷ್ಟು ದೊಡ್ಡವು. ಬಾಚಣಿಗೆ ಬೆಳೆಯಿತೋ, ಕೋಣೆ ಗೊಂಬೆಮನೆಯಷ್ಟು ಕುಗ್ಗಿತೋ? ನಿರ್ಧಾರ ಮಾಡಲು ಅಲ್ಲಿ ಮನುಷ್ಯನಿಲ್ಲ. ಗೋಡೆಯ ಜಾಗದಲ್ಲಿ ಮೋಡ ತುಂಬಿದ ಆಕಾಶ ಬೇರೆ. ಅಳತೆಗೋಲು ಹುಡುಕುತ್ತಾ ಕಣ್ಣು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತದೆ, ಎಲ್ಲೂ ನಿಲ್ಲಲಾಗುವುದಿಲ್ಲ.

ವಸ್ತುವಿನ ಗುಣ ಇರಬಹುದು. ಡಾಲಿಯ ಮೆತ್ತಗಿನ ಗಡಿಯಾರಗಳ ಚಿತ್ರ ಇದಕ್ಕೆ ಉದಾಹರಣೆ. 1931ರದ್ದು, ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾದಲ್ಲಿದೆ. ಪೋಸ್ಟರುಗಳಲ್ಲಿ ನೋಡಿ ದೊಡ್ಡ ಚಿತ್ರ ಎಂದುಕೊಂಡವರೇ ಜಾಸ್ತಿ. ನಿಜವಾಗಿ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ ಅಷ್ಟೇ, ಎ4 ಹಾಳೆಗಿಂತ ಸ್ವಲ್ಪ ದೊಡ್ಡದು. ಗಟ್ಟಿಯಾಗಿರಬೇಕಾದ ಲೋಹ ಬಟ್ಟೆಯಂತೆ ಕೊಂಬೆಯಿಂದ ಜೋತುಬಿದ್ದಿದೆ. ಆದರೆ ಹಿಂದೆ ಬಿಸಿಲು ಬಿದ್ದ ಬಂಡೆಗಳು ಅವನ ಊರಿನ ಕಡಲ ತೀರದವು, ಸ್ಪೇನಿನ ಕ್ಯಾಟಲೋನಿಯಾದ ನಿಜವಾದ ಬಂಡೆಗಳು. ಅವುಗಳನ್ನು ಅವನು ಕರಗಿಸಲಿಲ್ಲ. ಎಡಗಡೆ ಒಂದು ಗಡಿಯಾರ ಗಟ್ಟಿಯಾಗಿಯೇ ಇದೆ, ಅದರ ಮೇಲೆ ಇರುವೆಗಳು ಮುತ್ತಿವೆ. ಗಟ್ಟಿಯಾದ ಆ ಒಂದನ್ನು ನೋಡಿದ ಮೇಲೆ ಉಳಿದ ಮೂರರ ಮೆತುವು ಇನ್ನಷ್ಟು ಕಾಡುತ್ತದೆ.

ಕನ್ನಡಿಯ ನಿಯಮ ಇರಬಹುದು. 1937ರಲ್ಲಿ ಮಾಗ್ರಿಟ್ ತನ್ನ ಪೋಷಕ ಎಡ್ವರ್ಡ್ ಜೇಮ್ಸ್‌ನ ಭಾವಚಿತ್ರ ಬರೆದ. ಅದು ರಾಟರ್‌ಡ್ಯಾಮ್‌ನ ಬೊಯ್ಮನ್ಸ್ ಮ್ಯೂಸಿಯಂ ಸಂಗ್ರಹದಲ್ಲಿದೆ. ನಮಗೆ ಬೆನ್ನು ಹಾಕಿ ಕನ್ನಡಿ ನೋಡುತ್ತಿರುವ ಮನುಷ್ಯ. ಕನ್ನಡಿಯಲ್ಲೂ ಅವನ ಬೆನ್ನೇ! ಭಾವಚಿತ್ರದಲ್ಲಿ ಮುಖವೇ ಇಲ್ಲ. ಇಲ್ಲಿ ತಪ್ಪದೆ ನೋಡಬೇಕಾದದ್ದು ಕೆಳಗಿರುವ ಪುಸ್ತಕವನ್ನು. ಅದರ ಪ್ರತಿಬಿಂಬ ಸರಿಯಾಗಿದೆ, ಅಕ್ಷರಗಳು ತಿರುಗಿಯೇ ಕಾಣುತ್ತವೆ. ಕನ್ನಡಿ ಕೆಟ್ಟಿಲ್ಲ, ಪುಸ್ತಕಕ್ಕೆ ಕೆಲಸ ಮಾಡುತ್ತದೆ, ಮನುಷ್ಯನಿಗೆ ಮಾತ್ರ ಮಾಡುವುದಿಲ್ಲ. ಪುಸ್ತಕ ಇಲ್ಲದಿದ್ದರೆ "ಮಾಯಾ ಕನ್ನಡಿ" ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ದಾರಿಯನ್ನೂ ಅವನು ಮುಚ್ಚಿಬಿಟ್ಟ.

ಭಾರ, ಜಾಗ, ಒಳಗೆ–ಹೊರಗೆ, ಜೀವ ಇರುವುದು–ಇಲ್ಲದ್ದು, ಹೀಗೆ ಇನ್ನೂ ನಿಯಮಗಳಿವೆ. ಚಿತ್ರ ನೋಡುತ್ತಾ ಹೋದಂತೆ ನಿಮಗೇ ಸಿಗುತ್ತವೆ.

ನಾಲ್ಕನೇ ಹೆಜ್ಜೆ: ನೆಂಟಸ್ತನ ಹುಡುಕಿ

ಸರ್ರಿಯಲಿಸಂ ಎಂದರೆ ಸಂಬಂಧವೇ ಇಲ್ಲದ ಎರಡನ್ನು ಪಕ್ಕಪಕ್ಕ ಇಡುವುದು ಎಂಬ ನಂಬಿಕೆ ಬಲವಾಗಿದೆ. ಆರಂಭದಲ್ಲಿ ಅವರು ಮಾಡಿದ್ದೂ ಅದನ್ನೇ. ಮಾಗ್ರಿಟ್ 1938ರಲ್ಲಿ ಆಂಟ್‌ವರ್ಪ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ತಾನು ಅಲ್ಲಿಂದ ಮುಂದೆ ಹೋದದ್ದು ಹೇಗೆ ಎಂದು ಹೇಳಿದ್ದಾನೆ. ಒಂದು ರಾತ್ರಿ ಎಚ್ಚರವಾದಾಗ ಕೋಣೆಯಲ್ಲಿದ್ದ ಪಂಜರದ ಹಕ್ಕಿಯ ಬದಲು ಅವನಿಗೆ ಮೊಟ್ಟೆ ಕಂಡಿತಂತೆ. ಪಂಜರಕ್ಕೂ ಮೊಟ್ಟೆಗೂ ಸಂಬಂಧ ಇದ್ದೇ ಇದೆ. ಆದರೂ ಬೆಚ್ಚಿಬೀಳುವಂತಾಯಿತು. ಸಂಬಂಧ ಇದ್ದದ್ದರಿಂದಲೇ ಹಾಗಾಯಿತು ಎಂದು ಅವನಿಗೆ ಹೊಳೆಯಿತು. 1933ರ ಚಿತ್ರದಲ್ಲಿ ಪಂಜರದ ತುಂಬಾ ಒಂದೇ ಒಂದು ದೊಡ್ಡ ಮೊಟ್ಟೆ ಕೂತಿದೆ.

ಹಕ್ಕಿ ಪಂಜರದಲ್ಲಿದ್ದರೆ ನಮಗೆ ಏನೂ ಅನಿಸುವುದಿಲ್ಲ, ಅದು ಅಭ್ಯಾಸ. ಮೊಟ್ಟೆ ಇದ್ದಾಗ ಮಾತ್ರ ಹುಟ್ಟುವ ಮೊದಲೇ ಸೆರೆಯಾದ ಜೀವ ಕಾಣುತ್ತದೆ. ಅಂದಮೇಲೆ ಪಂಜರದ ಹಕ್ಕಿಯನ್ನು ನಾವು ಇಷ್ಟು ದಿನ ನೋಡೇ ಇರಲಿಲ್ಲ.

1958ರ ಮತ್ತೊಂದು ಚಿತ್ರದಲ್ಲಿ ಬಿಚ್ಚಿದ ಕೊಡೆ, ಅದರ ನೆತ್ತಿಯ ಮೇಲೆ ನೀರಿರುವ ಲೋಟ. ಒಂದು ನೀರನ್ನು ದೂರ ತಳ್ಳುತ್ತದೆ, ಇನ್ನೊಂದು ಹಿಡಿದಿಡುತ್ತದೆ. ಹೆಸರು 'ಹೆಗೆಲ್‌ನ ರಜಾದಿನ'. ವಿರೋಧಗಳ ಬಗ್ಗೆ ಅಷ್ಟೆಲ್ಲ ಯೋಚಿಸಿದ ತತ್ತ್ವಜ್ಞಾನಿಗೆ ಇದು ಖುಷಿ ಕೊಡುತ್ತಿತ್ತು ಎಂದು ಮಾಗ್ರಿಟ್ ಪತ್ರವೊಂದರಲ್ಲಿ ಬರೆದಿದ್ದಾನೆ. ನೀರಿನ ಲೋಟವನ್ನು ಹೇಗೆ ಬರೆಯುವುದು ಎಂಬ ಪ್ರಶ್ನೆಯಿಂದ ಶುರು ಮಾಡಿ, ನೂರು ನೂರೈವತ್ತು ರೇಖಾಚಿತ್ರಗಳಾದ ಮೇಲೆ ಲೋಟದ ಮೇಲಿನ ಒಂದು ಗೆರೆ ಅಗಲವಾಗುತ್ತಾ ಕೊಡೆಯಾಯಿತು ಎಂದೂ ಅದರಲ್ಲಿ ವಿವರಿಸಿದ್ದಾನೆ. ಕನಸಿನಿಂದ ಬಿದ್ದಂತೆ ಕಾಣುವ ಚಿತ್ರದ ಹಿಂದೆ ಇಷ್ಟು ದುಡಿಮೆ ಇದೆ.

ಶೀರ್ಷಿಕೆಯನ್ನು ಕೊನೆಗೆ ಓದಿ

ಮಾಗ್ರಿಟ್‌ನ ಎಷ್ಟೋ ಶೀರ್ಷಿಕೆಗಳನ್ನು ಸೂಚಿಸಿದ್ದು ಅವನ ಕವಿಮಿತ್ರರು, ಚಿತ್ರ ಮುಗಿದ ಮೇಲೆ. ಹಾಗಾಗಿ ಅದರಲ್ಲಿ ಉತ್ತರ ಹುಡುಕಬೇಡಿ. ಕರಿ ಕೋಟು, ದುಂಡು ಟೊಪ್ಪಿಯ ಗಂಡಸರು ಮಳೆಹನಿಗಳಂತೆ ಆಕಾಶದಲ್ಲಿ ತುಂಬಿರುವ 1953ರ ಚಿತ್ರಕ್ಕೆ ಲೂಯಿ ಸ್ಕ್ಯೂಟನೇರ್ ಕೊಟ್ಟ ಹೆಸರು 'ಗೋಲ್ಕೊಂಡ'. ಹೌದು, ನಮ್ಮ ಕಲಬುರಗಿಯ ಬಹಮನಿಗಳು ಆಳಿದ, ವಜ್ರಕ್ಕೆ ಹೆಸರಾದ ಹೈದರಾಬಾದಿನ ಗೋಲ್ಕೊಂಡವೇ. ಯುರೋಪಿನಲ್ಲಿ ಆ ಹೆಸರು ಅಪಾರ ಸಂಪತ್ತಿಗೆ ಇನ್ನೊಂದು ಮಾತಾಗಿತ್ತು. ಬ್ರಸೆಲ್ಸ್ ಬೀದಿಯ ಗುಮಾಸ್ತರಂಥ ಗಂಡಸರಿಗೂ ದಖನ್ನಿನ ಕೋಟೆಗೂ ಏನು ಸಂಬಂಧ? ಆ ಅಂತರವೇ ಚಿತ್ರಕ್ಕೆ ಇನ್ನೊಂದು ಬಾಗಿಲು ತೆರೆಯುತ್ತದೆ. ಹೂಸ್ಟನ್‌ನ ಮೆನಿಲ್ ಸಂಗ್ರಹದಲ್ಲಿದೆ.

ತನ್ನ ಚಿತ್ರಗಳಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಶೈಲಿಯ ಸಂಕೇತ ಹುಡುಕುವುದನ್ನು ಮಾಗ್ರಿಟ್ ಇಷ್ಟಪಡುತ್ತಿರಲಿಲ್ಲ. ಸೇಬು ಎಂದರೆ ಪಾಪ, ರೈಲು ಎಂದರೆ ಕಾಮ ಎಂದು ಅರ್ಥಕೋಶ ಹಿಡಿದು ಕೂತರೆ ಚಿತ್ರ ಮತ್ತೆ ಮಾಮೂಲಿಯಾಗಿಬಿಡುತ್ತದೆ.

ಈಗ ನೀವೇ ಒಂದು ಮಾಡಿ

ಚಿತ್ರ ಬರೆಯಲು ಬಾರದಿದ್ದರೂ ಪರವಾಗಿಲ್ಲ. ಮೊಬೈಲ್ ಫೋಟೊ, ಕತ್ತರಿ, ಅಂಟು ಸಾಕು.

ನಿಮ್ಮ ಮನೆಯಲ್ಲಿ ದಿನಾ ನೋಡುವ ಒಂದು ಮೂಲೆಯನ್ನು ಆರಿಸಿಕೊಳ್ಳಿ. ಅಡುಗೆಮನೆ ಕಟ್ಟೆ ಇರಲಿ. ಕಣ್ಣಿನ ಮಟ್ಟದಿಂದ, ಹಗಲ ಬೆಳಕಿನಲ್ಲಿ, ನೇರವಾಗಿ ಫೋಟೊ ತೆಗೆಯಿರಿ. ಚೆಂದ ಮಾಡಲು ಹೋಗಬೇಡಿ, ಫಿಲ್ಟರ್ ಹಾಕಬೇಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ನೆರಳು ಎಷ್ಟು ಉದ್ದ ಎಂದು ಗುರುತು ಹಾಕಿಕೊಳ್ಳಿ.

ಆಮೇಲೆ ಒಂದು ವಸ್ತು. ಕಟ್ಟೆಯ ಮೇಲೆ ತಾಮ್ರದ ಕೊಡ ಇದೆ ಎಂದುಕೊಳ್ಳಿ. ಅದರೊಳಗಿಂದ ಆನೆ ಇಣುಕುವಂತೆ ಮಾಡಬಹುದು. ಒಂದು ಕ್ಷಣ ನಗು ಬರುತ್ತದೆ, ಮುಗಿಯಿತು. ಅದರ ಬದಲು ಕೊಡಕ್ಕೆ ನೆಂಟಸ್ತನ ಇರುವುದು ಯಾವುದರ ಜೊತೆ ಎಂದು ಕೇಳಿ. ಬಾವಿ. ಕೊಡ ಬಾವಿಯೊಳಗೆ ಹೋಗುತ್ತದೆ, ಅದು ಅಭ್ಯಾಸ. ಬಾವಿಯೇ ಕೊಡದೊಳಗಿದ್ದರೆ? ಇದಕ್ಕಾಗಿ ಕೊಡದ ಬಾಯಿ ಕಾಣುವಷ್ಟು ಮೇಲಿನಿಂದ ಮತ್ತೆ ಫೋಟೊ ತೆಗೆದು, ಒಳಗೆ ಪಾಚಿ ಕಟ್ಟಿದ ಕಲ್ಲಿನ ಗೋಡೆ, ತುಂಬಾ ಆಳದಲ್ಲಿ ಆಕಾಶದ ಚೂರು ಹೊಳೆಯುವ ನೀರು ಬರುವಂತೆ ಜೋಡಿಸಿ. ಉಳಿದದ್ದೆಲ್ಲ ಹಾಗೇ ಇರಲಿ. ಒಗ್ಗರಣೆ ಡಬ್ಬಿ, ಗ್ಯಾಸ್ ಲೈಟರ್, ಒದ್ದೆ ಬಟ್ಟೆ ಯಾವುದನ್ನೂ ಮುಟ್ಟಬೇಡಿ. ಆಸೆಯಾಗುತ್ತದೆ, ಲೈಟರಿಗೂ ಏನಾದರೂ ಮಾಡೋಣ ಎಂದು. ಬೇಡ.

ಜೋಡಣೆಯಲ್ಲಿ ಕೆಡುವುದು ಎರಡು ಕಡೆ. ಮೊದಲನೆಯದು ಬೆಳಕು. ಕಟ್ಟೆಗೆ ಎಡದಿಂದ ಬೆಳಕು ಬರುತ್ತಿದ್ದರೆ ಬಾವಿಯ ಒಳಗೋಡೆಗೂ ಹಾಗೆಯೇ ಬೀಳಬೇಕು. ಅಂದರೆ ಕೊಡದ ಬಲಗಡೆಯ ಒಳಮೈ ಬೆಳಗಿ, ಎಡಗಡೆ ಕತ್ತಲಾಗಬೇಕು. ಇದು ತಪ್ಪಿದರೆ ನೋಡುವವರು "ಅಂಟಿಸಿದ್ದು" ಎಂದು ತಕ್ಷಣ ಕಂಡುಹಿಡಿಯುತ್ತಾರೆ, ತಲೆಗೆ ತಪ್ಪಿಸಿಕೊಳ್ಳಲು ದಾರಿ ಸಿಗುತ್ತದೆ. ಎರಡನೆಯದು ಅಂಚು. ಇದಕ್ಕೆ ಸರ್ರಿಯಲಿಸ್ಟ್ ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ ಬಳಸಿದ ಉಪಾಯ ಒಳ್ಳೆಯದು. ಅವನು ತನ್ನ ಕೊಲಾಜ್‌ಗಳಿಗೆ (ತುಂಡುಗಳನ್ನು ಅಂಟಿಸಿ ಮಾಡಿದ ಚಿತ್ರಗಳಿಗೆ) ಹತ್ತೊಂಬತ್ತನೇ ಶತಮಾನದ ಮುದ್ರಿತ ಕೆತ್ತನೆ ಚಿತ್ರಗಳನ್ನು ಕತ್ತರಿಸಿ ಬಳಸುತ್ತಿದ್ದ. ಎಲ್ಲ ತುಂಡುಗಳಲ್ಲೂ ಒಂದೇ ಥರದ ಸಣ್ಣ ಗೆರೆಗಳು ಇರುವುದರಿಂದ, ಮತ್ತೆ ಅಚ್ಚು ಹಾಕಿದಾಗ ಬೆಸುಗೆ ಕಾಣುತ್ತಿರಲಿಲ್ಲ. ನೀವೂ ಎರಡೂ ಫೋಟೊಗಳನ್ನು ಕಪ್ಪುಬಿಳುಪು ಮಾಡಿ, ಅಂಟಿಸಿ, ಆಮೇಲೆ ಒಟ್ಟಿಗೆ ಒಂದು ಜೆರಾಕ್ಸ್ ತೆಗೆಸಿ. ಕತ್ತರಿಸಿದ ಗುರುತು ಬಹಳ ಮಟ್ಟಿಗೆ ಮಾಯವಾಗುತ್ತದೆ.

ಮುಗಿದ ಮೇಲೆ ಮನೆಯವರಿಗೆ ತೋರಿಸಿ. ಏನೂ ಹೇಳಬೇಡಿ. ಅವರು ಚಿತ್ರವನ್ನು ಎತ್ತಿಕೊಂಡು, ಒಂದು ಸಲ ನೋಡಿ, ಕೆಳಗಿಟ್ಟು, ಮತ್ತೆ ಎತ್ತಿಕೊಂಡರೆ ಕೆಲಸ ಆಗಿದೆ. "ಬಾವಿ ಯಾಕೆ?" ಎಂದು ಕೇಳಿದರೆ ವಿವರಿಸಲು ಹೋಗಬೇಡಿ, ಅವರ ಪ್ರಶ್ನೆಗಳನ್ನು ಕೇಳಿಸಿಕೊಳ್ಳಿ. ನೀವು ಯೋಚಿಸದೇ ಇದ್ದ ನೆಂಟಸ್ತನ ಅವರಿಗೆ ಕಾಣಬಹುದು, ಅದನ್ನು ಮುಂದಿನ ಚಿತ್ರಕ್ಕೆ ಬರೆದಿಟ್ಟುಕೊಳ್ಳಿ. ಹೆಸರಿಡಲು ಮಾಗ್ರಿಟ್‌ನಂತೆ ಸ್ನೇಹಿತರನ್ನೇ ಕೇಳಿ. ನಾಲ್ಕೈದು ಹೆಸರು ಬಂದರೆ, ಕೊಡ, ಬಾವಿ, ನೀರು ಎಂಬ ಪದಗಳಿರುವುದನ್ನೆಲ್ಲ ಬದಿಗಿಟ್ಟು ಉಳಿದವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ.